ಐದು ಮೀಟರಿನ ಗೆರೆ

ಮೊದಲ ದಿನವೇ ಇಥೆಲ್ ಹೇಳಿದ್ದ:
"ದಯವಿಟ್ಟು ಅನ್ನಬೇಡ, ಟೆಗ್ವೆನ್.
ಹಗ್ಗಕ್ಕೆ ದಾಕ್ಷಿಣ್ಯ ತಿಳಿಯದು."

ಇಪ್ಪತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಮುನ್ನೂರು ತಟ್ಟೆ, ಆರು ಒಲೆ, ನಾಲ್ವರು ಹೆಂಗಸರನ್ನು
ಬರೀ ಹುಬ್ಬಿನಲ್ಲಿ ಆಳಿದವಳು ನಾನು.
ಇಲ್ಲಿ, ಪುಲ್‌ಹೆಲಿಯ ಕಟ್ಟೆ ಬಿಟ್ಟು ನೂರು ಗಜ ದಾಟಿದ್ದೇ ತಡ
ದನಿ ಗಂಟಲಲ್ಲೇ ಲಂಗರು ಹಾಕಿತು.
ದಂತವೈದ್ಯ ಕಾಡ್ವಾಲ್ ಚುಕ್ಕಾಣಿ ಹಿಡಿದು ಕಾಯುತ್ತಿದ್ದ.
ಬೆಥಾನ್, ಹತ್ತೊಂಬತ್ತರ ಹುಡುಗಿ,
ನಾನು ಬಾಯಿ ತೆರೆವ ಮೊದಲೇ ಹಾಯಿ ಬಿಗಿದಿದ್ದಳು.

ಎರಡನೆಯ ದಿನ ಎನ್ಲಿ ದ್ವೀಪದ ಕಿರಿದು ಹಾದಿ.
ಪಟ್ಟಿ ನೋಡಿ, ಪೆನ್ಸಿಲು ಕಚ್ಚಿ,
ನೀರು ನಿಲ್ಲುವ ಗಳಿಗೆ ಬರೆದಿಟ್ಟೆ,
ಬೇಸಿಗೆಯ ಗಡಿಯಾರಕ್ಕೆ ಒಂದು ತಾಸು ಕೂಡಿಸಲು ಮರೆತು.
ಅತಿಥಿ ಬೇಗ ಬಂದರೆ ಮನೆಯೊಳಗಿನ ಜಗಳ ಕಾಣುತ್ತದೆ:
ಗಾಳಿ ಒಂದು ಕಡೆ, ಸೆಳವು ಒಂದು ಕಡೆ,
ನಡುವೆ ಬೆಳ್ಳಗೆ ಕುದಿಯುವ ಹಂಡೆ.
ಕಾಡ್ವಾಲ್ ಮೂರು ಸಲ ವಾಂತಿ ಮಾಡಿದ, ಕ್ಷಮೆ ಕೇಳುತ್ತಾ.
ಇಥೆಲ್ ಏನೂ ಅನ್ನಲಿಲ್ಲ.
ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟ, ಅಷ್ಟೇ.

ನಾಲ್ಕನೆಯ ದಿನ ನನ್ನನ್ನು ಕೆಳಗೆ ಕೂರಿಸಿ
ಕಿಟಕಿಗಳಿಗೆಲ್ಲ ಟವೆಲು ಸಿಕ್ಕಿಸಿದರು.
"ಮಂಜು," ಅಂದ. ಮೇಲೆ ಬಿಸಿಲಿತ್ತು.
"ಸೇಂಟ್ ಟಡ್ವಾಲಿನ ಒಳಗಿನ ಹಳದಿ ತೇಲುಗುರುತಿಗೆ
ನಮ್ಮನ್ನು ಕರೆದೊಯ್ಯಿ. ನೀನು ಏನನ್ನೂ ನೋಡುವ ಹಾಗಿಲ್ಲ."

ನಕ್ಷೆ, ಅಳತೆಕೋಲು, ಆಳ ಹೇಳುವ ಪುಟ್ಟ ಪರದೆ.
ನೀಲಿಯಲ್ಲಿ ಎಳೆದ ಐದು ಮೀಟರಿನ ಗೆರೆ,
ಇವತ್ತಿನ ನೀರಿನ ಏರಿಕೆ ಎರಡೂವರೆ,
ಕೂಡಿಸಿದರೆ ಏಳೂವರೆ.
ಅಷ್ಟೇ ನನಗಿದ್ದ ದಾರಿ. ದಡವಿಲ್ಲ, ದೀಪವಿಲ್ಲ,
ಚಹದ ಲೋಟ ಅಲುಗುವ ಸದ್ದು.

ನೇರ ಗುರುತಿಗೇ ಗೆರೆ ಎಳೆಯಹೊರಟೆ.
ಇಥೆಲ್ ಪೆನ್ಸಿಲಿನ ಮೇಲೆ ಬೆರಳಿಟ್ಟ.
"ನೇರ ಹೋಗಿ ತಪ್ಪಿದೆ ಅನ್ನು.
ಎಡಕ್ಕೆ ತಪ್ಪಿದೆಯೋ ಬಲಕ್ಕೋ, ಯಾರು ಹೇಳಬೇಕು?
ಬೇಕೆಂದೇ ಬಲಕ್ಕೆ ತಪ್ಪು. ಚೆನ್ನಾಗಿ ತಪ್ಪು.
ಆಳ ಏಳೂವರೆಗೆ ಬಂದಾಗ
ಯಾವ ಕಡೆ ಹೊರಳಬೇಕೆಂದು ಗೊತ್ತಿರುತ್ತದೆ."

ಅಕ್ಕನ ದೋಣಿ ಮೂರು ಚಳಿಗಾಲದಿಂದ
ಅಂಗಳದಲ್ಲಿ ಮರದ ಊರುಗೋಲಿಗೆ ಒರಗಿ ನಿಂತಿದೆ.
ಅವಳಿದ್ದಾಗ ನಾನು ಮೂತಿಯಲ್ಲಿ ಕೂತು
ಎಸೆ ಅಂದಾಗ ಎಸೆಯುತ್ತಿದ್ದೆ, ಎಳೆ ಅಂದಾಗ ಎಳೆಯುತ್ತಿದ್ದೆ.
ದಯವಿಟ್ಟು ಅಂದವಳಲ್ಲ ಅವಳು,
ಆಸ್ಪತ್ರೆಯಲ್ಲೂ.

"ಸೊನ್ನೆ ಐದು ಸೊನ್ನೆ," ಅಂದೆ, ಮೇಲಕ್ಕೆ.
ಹನ್ನೆರಡು. ಹನ್ನೊಂದು. ಹನ್ನೊಂದು. ಒಂಬತ್ತೂವರೆ.
ಕತ್ತಲಲ್ಲಿ ಮೆಟ್ಟಿಲಿಳಿಯುವ ಕಾಲಿನಂತೆ
ಸಂಖ್ಯೆಯ ತುದಿಯಲ್ಲಿ ನೆಲ ತಡಕಿದೆ.
ಎಂಟು.
ಏಳೂ ಎಂಟು.
"ಎಡಕ್ಕೆ! ಮೂರು ಮೂರು ಸೊನ್ನೆ. ಈಗಲೇ!"

ಅದು ಅಡುಗೆಮನೆಯ ದನಿ.
ಹಾಲು ಉಕ್ಕುವ ಕ್ಷಣದ್ದು.
ಮೇಲೆ ಯಾರೋ ನಕ್ಕರು; ದೋಣಿ ವಾಲಿ ಹೊರಳಿತು.

ಆಮೇಲೆ ಗೆರೆಯ ಅಂಚು ಹಿಡಿದೇ ನಡೆದೆವು.
ಆಳ ಹೆಚ್ಚಿದರೆ ದಡದತ್ತ ಒಂಚೂರು,
ಕಡಿಮೆಯಾದರೆ ಹೊರಗೆ ಒಂಚೂರು;
ಗೋಡೆ ಮುಟ್ಟುತ್ತಾ ರಾತ್ರಿ ನೀರು ಕುಡಿಯಲು ಹೋಗುವ ಹಾಗೆ.
ಹದಿನಾಲ್ಕು ನಿಮಿಷ. ಹದಿನೈದು.
"ಇಲ್ಲೇ ಇರಬೇಕು," ಅಂದೆ, ದನಿ ಮತ್ತೆ ಕುಗ್ಗಿ.

ಮೇಲೆ ಬಂದೆ. ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ.
ಹಳದಿ ಗುರುತು ಎದುರಿಗಿರಲಿಲ್ಲ.
ಬೆಥಾನ್ ಹಿಂದಕ್ಕೆ ಕೈ ತೋರಿಸಿದಳು:
ಅರವತ್ತು ಗಜ ದೂರದಲ್ಲಿ, ತಲೆಯ ಮೇಲೆ ಒಂದು ನೀರುಕಾಗೆ ಹೊತ್ತು,
ಅದು ತನ್ನ ಪಾಡಿಗೆ ತೂಗುತ್ತಿತ್ತು.

"ಮಂಜಿನಲ್ಲಿ ಅರವತ್ತು ಗಜ ಕಾಣುತ್ತದೆಯೇ?" ಕೇಳಿದೆ.
"ಕೆಲವೊಮ್ಮೆ," ಅಂದ ಇಥೆಲ್,
ಟವೆಲುಗಳನ್ನು ಮತ್ತೆ ಕಿಟಕಿಗೆ ಸಿಕ್ಕಿಸುತ್ತಾ.